ಕೆರೆಯ ನೀರಿನ ಚಲನೆಯೂ ಜಲಸಸ್ಯಗಳ ಸಾಕ್ಷ್ಯವೂ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಕೆರೆಗಳ ಇತಿಹಾಸವನ್ನು ಬರೆಯುವವರಿಗೆ ಶಾಸನಗಳೇ ಮೊದಲ ಆಧಾರ. ಕೆರೆಯನ್ನು ಕಟ್ಟಿಸಿದವರಾರು, ಅದರ ರಕ್ಷಣೆಗಾಗಿ ಬಿಟ್ಟ ಬಿತ್ತುವಟ್ಟದ ಭೂಮಿ ಯಾವುದು ಎಂಬುದನ್ನು ಕನ್ನಡ ನಾಡಿನ ಶಾಸನಗಳು ಹೇಳುತ್ತವೆ. ತೂಬು ಎಷ್ಟು ಕಾಲ ಸರಿಯಾಗಿ ನಡೆಯಿತು, ನೀರು ಎಂದು ನಿಂತಿತು ಎಂಬುದು ಮಾತ್ರ ಸಾಮಾನ್ಯವಾಗಿ ಅವುಗಳ ವಿಷಯವಲ್ಲ. ಈ ಎರಡನೆಯ ಪ್ರಶ್ನೆಗೆ ಕೆರೆಯ ಸಸ್ಯಗಳಿಂದ ಸ್ವಲ್ಪಮಟ್ಟಿಗೆ ಉತ್ತರ ದೊರೆಯಬಹುದೆಂಬುದು ನಮ್ಮ ಅಭಿಪ್ರಾಯ.

ನೀರಿನ ಚಲನೆಗೂ ಸಸ್ಯದ ಆಕಾರಕ್ಕೂ ಇರುವ ಸಂಬಂಧವನ್ನು ಸಸ್ಯಶಾಸ್ತ್ರಜ್ಞರು ಕಡಲಹುಲ್ಲುಗಳಲ್ಲಿ ವಿಶೇಷವಾಗಿ ಪರೀಕ್ಷಿಸಿದ್ದಾರೆ. ನಮ್ಮ ಸೀಮೆಗೆ ಕಡಲಿಲ್ಲ. ಆದರೆ ಸಿಹಿನೀರಿನ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳು ಹ್ಯಾಲೊಫಿಲಾ ಮೊದಲಾದ ಕೆಲವು ಕಡಲಹುಲ್ಲುಗಳ ಕುಟುಂಬಕ್ಕೇ ಸೇರಿದವು. ಮುಳುಗಿ ಬೆಳೆಯುವ ಎಲೆಯ ಮೈಗೆ ಅಂಟಿದಂತೆ ನಿಶ್ಚಲವಾದ ನೀರಿನ ತೆಳುಪದರವೊಂದಿರುತ್ತದೆ. ಎಲೆಗೆ ಬೇಕಾದ ಇಂಗಾಲಾಮ್ಲ ವಾಯು ಈ ಪದರವನ್ನು ದಾಟಿ ಬರಬೇಕು. ನೀರಿನಲ್ಲಿ ಅದರ ಪ್ರಸರಣವು ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಮಂದವಾದ ಹರಿವು ಈ ಪದರವನ್ನು ತೆಳುವಾಗಿಸುವುದರಿಂದ ಬೆಳವಣಿಗೆ ಹೆಚ್ಚುತ್ತದೆ. ಹರಿವು ರಭಸವಾದರೆ ಎಲೆ ಹರಿಯುತ್ತದೆ, ಬೇರು ಕೀಳುತ್ತದೆ. ಅಂಥಲ್ಲಿ ಗಿಡ್ಡವಾದ, ಬೇರು ಬಲವಾಗಿ ಹಿಡಿದ ಸಸ್ಯಗಳೇ ಉಳಿಯುತ್ತವೆ. ವ್ಯಾಲಿಸ್ನೇರಿಯಾದ ಪಟ್ಟಿಯಂಥ ಎಲೆ ಹರಿವಿನೊಡನೆ ಬಾಗಿ ಬದುಕುತ್ತದೆ. ತಾವರೆಯ ಅಗಲ ಎಲೆಗೆ ನಿಂತ ನೀರೇ ಬೇಕು.

ಈ ಸಂಬಂಧ ಒಮ್ಮುಖವಲ್ಲ. ಸಸ್ಯವೂ ನೀರನ್ನು ತಡೆಯುತ್ತದೆ. ತಡೆದ ನೀರು ಹೂಳನ್ನು ಇಳಿಸುತ್ತದೆ. ಹೂಳೇರಿ ಆಳ ಕಡಮೆಯಾದಲ್ಲಿ ಜೊಂಡು ಬೇರೂರುತ್ತದೆ. ಕೋಡಿ ಬಿದ್ದು, ತೂಬು ತೆರೆದು ನೀರು ಆಡುತ್ತಿದ್ದ ಕೆರೆಯಲ್ಲಿ ಈ ಕ್ರಿಯೆ ನಿಧಾನ. ಹೂಳೆತ್ತುವುದೂ ತೂಬು ನಡೆಸುವುದೂ ನಿಂತ ಕೆರೆಯಲ್ಲಿ ಶೀಘ್ರ. ಬಿತ್ತುವಟ್ಟದ ಭೂಮಿ ಅನ್ಯರ ಪಾಲಾದುದರ ಫಲವನ್ನು ಜೊಂಡಿನಲ್ಲಿ ಓದಬಹುದೆಂದರೆ ಅತಿಶಯೋಕ್ತಿಯಾಗಲಾರದು. ಹಾವೇರಿಯ ಹೆಗ್ಗೇರಿ, ರಾಣೆಬೆನ್ನೂರಿನ ದೊಡ್ಡಕೆರೆ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕೆರೆ ಇವುಗಳನ್ನು ಈ ದೃಷ್ಟಿಯಿಂದ ನೋಡಬೇಕಾಗಿದೆ. ಹೆಗ್ಗೇರಿ, ದೊಡ್ಡಕೆರೆ ಎರಡು ಹೆಸರಿಗೂ ಅರ್ಥ ಒಂದೇ ಎಂಬುದು ಸ್ವಾರಸ್ಯ.

ನಿಂತ ನೀರು ಹರಿವ ನೀರಾದ ಉದಾಹರಣೆಯೂ ಈ ಜಿಲ್ಲೆಯಲ್ಲಿದೆ. ಮಾಸೂರಿನ ಬಳಿ ಕುಮುದ್ವತಿಗೆ ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆ ವಿಜಯನಗರದ ಕಾಲದ್ದೆಂದು ಪ್ರಸಿದ್ಧಿ. ಮೂಲ ಕೆರೆ ಒಡೆದು, 19ನೆಯ ಶತಮಾನದಲ್ಲಿ ಅದರ ಒಂದಂಶ ಮಾತ್ರ ಜೀರ್ಣೋದ್ಧಾರವಾಯಿತು. ಒಡೆದ ಕೆರೆಯ ತಳದಲ್ಲಿ ನದಿ ಮರಳಿ ತನ್ನ ದಾರಿಯನ್ನು ಹಿಡಿಯಿತು. ಅದೇ ನದಿ ಮುಂದೆ ರಾಣೆಬೆನ್ನೂರು ತಾಲ್ಲೂಕಿನ ಮುದೇನೂರಿನ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅಂಥ ತಳದಲ್ಲಿ ಕೆರೆಯ ಕಾಲದ ಮಣ್ಣೂ ನದಿಯ ಕಾಲದ ಮಣ್ಣೂ ಮೇಲುಕೆಳಗಾಗಿ ಇರುವುದು ಸಹಜ.

ಆದರೆ ಇಲ್ಲಿ ಎಚ್ಚರಿಕೆ ಅವಶ್ಯ. ಜನರು ಇಂದು ಅಂತರಗಂಗೆಯೆಂದು ಕರೆಯುವುದು ಅನೇಕ ಕಡೆ ನೇರಿಳೆ ಹೂವಿನ ಐಕಾರ್ನಿಯಾವನ್ನು. ಅದು ದಕ್ಷಿಣ ಅಮೆರಿಕದಿಂದ 19ನೆಯ ಶತಮಾನದ ಕೊನೆಗೆ ಭಾರತಕ್ಕೆ ಬಂದುದು. ಹಳೆಯ ಬರೆಹಗಳ ಅಂತರಗಂಗೆ ಪಿಸ್ಟಿಯಾ ಎಂಬ ಬೇರೆ ಸಸ್ಯ. ಮೇಲಾಗಿ ಐಕಾರ್ನಿಯಾದ ಹಬ್ಬುವಿಕೆಗೆ ನಿಂತ ನೀರಿನಷ್ಟೇ ಊರಿನ ಚರಂಡಿಯೂ ಕಾರಣ. ಅದನ್ನು ಕಂಡು ತೂಬಿನ ಚರಿತ್ರೆಯನ್ನು ಬರೆಯತೊಡಗುವುದು ಆತುರವಾದೀತು.

ನಂಬತಕ್ಕ ಸಾಕ್ಷ್ಯ ಹೂಳಿನಲ್ಲಿದೆ. ಮುಳುಗಿ ಬೆಳೆಯುವ ಸಸ್ಯಗಳ ಪರಾಗ ಚೆನ್ನಾಗಿ ಉಳಿಯದಿದ್ದರೂ ಬೀಜಗಳು ಉಳಿಯಬಲ್ಲವು; ಜೊಂಡಿನ ಪರಾಗವಂತೂ ಪದರ ಪದರವಾಗಿ ದೊರೆಯಬಲ್ಲದು. ಹೂಳೆತ್ತುವ ಯಂತ್ರ ಕೆರೆಗೆ ಇಳಿದರೆ ಕೆಲವೇ ದಿನಗಳಲ್ಲಿ ಈ ಪದರಗಳು ಹೊಲಗಳಿಗೆ ಹೋಗುತ್ತವೆ. ರೈತರಿಗೆ ಆ ಮಣ್ಣು ಬೇಕು, ಕೆರೆಗೂ ಆಳ ಬೇಕು. ಅದನ್ನು ನಾವು ವಿರೋಧಿಸುವುದಿಲ್ಲ. ಅದಕ್ಕೆ ಮೊದಲು ತೂಬಿನ ಬಳಿ ಒಂದೆಡೆ, ಕೆರೆಯ ನಡುವೆ ಒಂದೆಡೆ ಹೂಳಿನ ಮಾದರಿಯನ್ನು ಮೇಲಿನಿಂದ ತಳದವರೆಗೆ ತೆಗೆದಿರಿಸಿಕೊಳ್ಳುವುದು ಹತ್ತಿರದ ಕಾಲೇಜಿನ ಇತಿಹಾಸ, ಸಸ್ಯಶಾಸ್ತ್ರ ಅಧ್ಯಾಪಕರು ಕೂಡಿ ಒಂದು ಬೇಸಗೆಯಲ್ಲಿ ಮಾಡಬಹುದಾದ ಕೆಲಸ.