ಕೈಯಾರೆ ಕಟ್ಟಿದ ಟ್ರ್ಯಾಕರ್: ಹೊಸಪೇಟೆ–ಸಂಡೂರು ಸೀಮೆಯ ಒಂದು ಸಮೀಕ್ಷೆ

ಹೊಸಪೇಟೆ ಸೀಮೆಯಲ್ಲಿ ಜಿಪಿಎಸ್ ಅಂದರೆ ಇವತ್ತಿಗೂ ಜನರಿಗೆ ನೆನಪಾಗುವುದು ಅದಿರು ಲಾರಿ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದ್ದು 2011ರ ಜುಲೈ 27ರಂದು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಗಳು ಹಂತಹಂತವಾಗಿ ತೆರೆದಾಗ ಅದಿರು ಸಾಗಿಸುವ ಲಾರಿಗೆ ಪರ್ಮಿಟ್ಟಿನ ಜೊತೆ ಜಿಪಿಎಸ್ ಪೆಟ್ಟಿಗೆಯೂ ಬೇಕಾಯಿತು. ನಮ್ಮ ಕಡೆಯ ಟ್ರ್ಯಾಕರ್ ಬಗ್ಗೆ ಬರೆದವರು ಹೆಚ್ಚಾಗಿ ಇಲ್ಲಿಂದ ಶುರುಮಾಡಿ ಇಲ್ಲಿಗೇ ಮುಗಿಸುತ್ತಾರೆ. ಟ್ರ್ಯಾಕರ್ ಎಂದರೆ ಸರ್ಕಾರ ಹಾಕಿಸುವ, ಕಂಪನಿ ಮಾರುವ ಸೀಲು ಮಾಡಿದ ಪೆಟ್ಟಿಗೆ ಎಂಬ ನಂಬಿಕೆ ಬೇರೂರಿದ್ದು ಹೀಗೆ. ಅದೇ ಕೆಲಸವನ್ನು ಗ್ಯಾರೇಜಿನ ಮೂಲೆಯಲ್ಲಿ ಕೂತು ಕಡಿಮೆ ಖರ್ಚಿನಲ್ಲಿ ಮಾಡಿದ ಆಟೋ ಎಲೆಕ್ಟ್ರಿಷಿಯನ್ನರಿಗೂ ಡಿಪ್ಲೊಮಾ ಹುಡುಗರಿಗೂ ಆ ಬರಹಗಳಲ್ಲಿ ಜಾಗವಿಲ್ಲ. ಅವರೊಂದಿಗೆ ಬಹಳ ಕಾಲ ಕೆಲಸ ಮಾಡಿದವನಾಗಿ ಆ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ ಚಿಕ್ಕದಾಗಿ ಸಾಕು. ಅಮೆರಿಕದ ಸೇನೆ ತನ್ನ ಬಳಕೆಗೆ ಕಟ್ಟಿದ ಜಿಪಿಎಸ್ಸಿನ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿದ ಮೇಲೆ, ಇದನ್ನು ನಾಗರಿಕರಿಗೂ ಕೊಡುವುದಾಗಿ ಅಧ್ಯಕ್ಷ ರೇಗನ್ ಸಾರಿದರು. ಆದರೂ ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸಿದ ತಪ್ಪು ನಿಂತದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಸ್ಥಾನ ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿದ್ದುದರಿಂದ ಲಾರಿ ಯಾವ ರಸ್ತೆಯಲ್ಲಿದೆ ಎಂದು ಹೇಳುವುದೇ ಕಷ್ಟವಿತ್ತು. ಹ್ಯಾಮ್ ರೇಡಿಯೋದವರು ಇದಕ್ಕೂ ಮೊದಲೇ, ಬಾಬ್ ಬ್ರುನಿಂಗಾ ರೂಪಿಸಿದ ಎಪಿಆರ್‌ಎಸ್ ಪದ್ಧತಿಯಲ್ಲಿ, ಗಾಡಿಯ ಸ್ಥಾನವನ್ನು ರೇಡಿಯೋದಲ್ಲಿ ಕಳಿಸುತ್ತಿದ್ದರು. ಮನೆಯಲ್ಲೇ ಕಟ್ಟಿದ ಟ್ರ್ಯಾಕರಿಗೆ ನಿಜವಾದ ಪೂರ್ವಜರು ಅವರೇ. ನಮ್ಮಲ್ಲಿ ಕೆಎಸ್‌ಆರ್‌ಟಿಸಿ 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೂ, ಬಿಎಂಟಿಸಿ 2016ರಲ್ಲಿ ಬೆಂಗಳೂರಿನ ಬಸ್ಸುಗಳಿಗೂ ಟ್ರ್ಯಾಕಿಂಗ್ ತಂದವು. ದೊಡ್ಡ ಕೆಲಸಗಳೇ, ಆದರೆ ಗ್ಯಾರೇಜಿನವನಿಗೆ ಅವುಗಳಿಂದ ಕಲಿಯಲು ಏನೂ ಸಿಗಲಿಲ್ಲ.

ಮುಂದೆ ಹೋಗುವ ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಉಪಗ್ರಹ ನಮ್ಮ ಗಾಡಿಯನ್ನು ನೋಡುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಮಯದ ಸಂಕೇತ ಕೇಳಿಸಿಕೊಂಡು, ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಗಾಡಿಯಲ್ಲಿರುವ ಮಾಡ್ಯೂಲೇ. ಆ ಲೆಕ್ಕವನ್ನು ಮಾಲೀಕನಿಗೆ ಮುಟ್ಟಿಸುವುದು ಮೊಬೈಲ್ ಟವರ್. ಸಂಡೂರಿನ ಗುಡ್ಡಗಳಲ್ಲಿ ಮೊದಲನೆಯ ಕೆಲಸ ಬಹುಪಾಲು ಚೆನ್ನಾಗಿಯೇ ನಡೆಯುತ್ತದೆ, ಕೈಕೊಡುವುದು ಎರಡನೆಯದು. ನಮ್ಮ ಕಡೆಯ ಪ್ರಯೋಗಗಳೆಲ್ಲ ಈ ತೊಂದರೆಯ ಸುತ್ತ ಬೆಳೆದವು.

ಮೊದಲ ಹಂತ ಎಸ್ಸೆಮ್ಮೆಸ್ಸಿನದು. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೋ ಬೋರ್ಡು, ಯು-ಬ್ಲಾಕ್ಸ್ ನಿಯೋ-6ಎಂ ಎಂಬ ಜಿಪಿಎಸ್ ಮಾಡ್ಯೂಲು, ಸಿಮ್900ಎ ಎಂಬ ಜಿಎಸ್‌ಎಂ ಮಾಡ್ಯೂಲು: ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಈ ಮೂರು ಬಂದರೆ ಮಿಕ್ಕದ್ದು ಇಲ್ಲೇ ಸಿಗುತ್ತಿತ್ತು. ಗಾಡಿಯ ಸಿಮ್ಮಿಗೆ ಮಿಸ್ಡ್ ಕಾಲ್ ಕೊಟ್ಟರೆ ಸ್ಥಾನದ ಲಿಂಕ್ ವಾಪಸ್ ಬರುತ್ತಿತ್ತು. ಕಂಪ್ಲಿಯ ಟ್ರ್ಯಾಕ್ಟರ್ ಮಾಲೀಕನಿಗೆ ಅಷ್ಟೇ ಬೇಕಾಗಿತ್ತು. ಈ ಹಂತದ ದೊಡ್ಡ ಪಾಠ ಲೆಕ್ಕದ್ದು. ಮಾಡ್ಯೂಲು ಅಕ್ಷಾಂಶವನ್ನು ಡಿಗ್ರಿ ಮತ್ತು ನಿಮಿಷ ಸೇರಿಸಿ 1516.20 ಎಂದು ಕೊಡುತ್ತದೆ. ಅದು 15 ಡಿಗ್ರಿ 16.20 ನಿಮಿಷ, ಅಂದರೆ 15.27 ಡಿಗ್ರಿ. ಹಾಗೆ ಮಾಡದೆ 15.1620 ಎಂದು ಓದಿ, ರೇಖಾಂಶಕ್ಕೂ ಅದನ್ನೇ ಮಾಡಿದರೆ, ಹೊಸಪೇಟೆಯಲ್ಲಿ ನಿಂತ ಗಾಡಿ ಸುಮಾರು 20 ಕಿಲೋಮೀಟರ್ ನೈಋತ್ಯಕ್ಕೆ, ತುಂಗಭದ್ರೆಯ ಹಿನ್ನೀರಿನ ಕಡೆಗೆ ಕಾಣುತ್ತದೆ. ಸಮಯವೂ ಗ್ರೀನಿಚ್ಚಿನದೇ. ಬೆಳಗಿನ ಜಾವ 2 ಗಂಟೆಗೆ ಹೊರಟ ಲಾರಿ ಹಿಂದಿನ ರಾತ್ರಿ 8.30ಕ್ಕೆ ಹೊರಟಂತೆ ದಾಖಲಾಗುತ್ತದೆ. ಐದೂವರೆ ಗಂಟೆ ಕೂಡಿಸದ ಪೆಟ್ಟಿಗೆಯಿಂದಾಗಿ ಡ್ರೈವರ್ ಮೇಲೆ ಅನುಮಾನ ಬರುವುದು ಸಣ್ಣ ಮಾತಲ್ಲ.

ನಮ್ಮ ತಲೆಮಾರು ಬೆವರು ಸುರಿಸಿದ್ದು ಕರೆಂಟಿಗಾಗಿ. ಕಾಲೇಜಿನ ಪ್ರಾಜೆಕ್ಟ್ ಪುಸ್ತಕಗಳಲ್ಲಿ ಈ ಅಧ್ಯಾಯವೇ ಇರುವುದಿಲ್ಲ, ಅಲ್ಲಿ ಟ್ರ್ಯಾಕರ್ ಮೇಜಿನ ಮೇಲೆ ಯುಎಸ್‌ಬಿ ವೈರಿನಿಂದ ಓಡುತ್ತದೆ. ಲಾರಿಯಲ್ಲಿರುವುದು 24 ವೋಲ್ಟ್, ಟ್ರ್ಯಾಕ್ಟರಿನಲ್ಲಿ 12. ಸೆಲ್ಫ್ ಹೊಡೆದಾಗ ವೋಲ್ಟೇಜು ಕುಸಿಯುತ್ತದೆ, ಆಲ್ಟರ್ನೇಟರಿನಿಂದ ಒಮ್ಮೊಮ್ಮೆ ಜಿಗಿಯುತ್ತದೆ. ಆಮೇಲೆ ಜನಪ್ರಿಯವಾದ ಸಿಮ್800ಎಲ್ ಮಾಡ್ಯೂಲಿಗೆ ಬೇಕಾದದ್ದು 3.4ರಿಂದ 4.4 ವೋಲ್ಟ್ ಮಾತ್ರ, ಆದರೆ ಟವರಿನೊಂದಿಗೆ ಮಾತನಾಡುವ ಕ್ಷಣದಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ. ತೆಳು ವೈರು ಹಾಕಿದರೆ ಅದೇ ಕ್ಷಣಕ್ಕೆ ರೀಸೆಟ್ ಆಗುತ್ತದೆ, ಜನ ಮಾತ್ರ ಮಾಡ್ಯೂಲು ಡೂಪ್ಲಿಕೇಟು ಅನ್ನುತ್ತಾರೆ. ಇದಕ್ಕೆ ಮದ್ದು ಕಂಡುಕೊಂಡವರು ಲಾರಿ ವೈರಿಂಗ್ ಮಾಡುವವರು. ಬ್ಯಾಟರಿಯ ಹತ್ತಿರವೇ ಫ್ಯೂಸ್, ಜಿಗಿತ ತಡೆಯಲು ಟಿವಿಎಸ್ ಡಯೋಡು, ವೋಲ್ಟೇಜು ಇಳಿಸಲು ಬಕ್ ಕನ್ವರ್ಟರು, ಮಾಡ್ಯೂಲಿನ ಕಾಲಿಗೆ ಅಂಟಿದಂತೆ 1000 ಮೈಕ್ರೋಫ್ಯಾರಡಿನ ಕೆಪ್ಯಾಸಿಟರು, ಕೀ ಆಫ್ ಆದಾಗ ಪೆಟ್ಟಿಗೆ ನಿದ್ದೆಗೆ ಜಾರುವ ಏರ್ಪಾಟು. ಕೊನೆಯದು ಇಲ್ಲದಿದ್ದರೆ ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ. ಆಂಟೆನಾ ಆಕಾಶಕ್ಕೆ ಮುಖ ಮಾಡಿರಬೇಕು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಅಡಿಯಲ್ಲಿ ನಡೆಯುತ್ತದೆ, ತಗಡಿನ ಅಡಿಯಲ್ಲಿ ಇಲ್ಲ.

ಎರಡನೆಯ ಹಂತದಲ್ಲಿ ಸರ್ವರ್ ಬಂತು. ಆಂಟನ್ ತನನಾಯೆವ್ ಶುರುಮಾಡಿದ ಟ್ರ್ಯಾಕಾರ್ ಎಂಬ ಮುಕ್ತ ತಂತ್ರಾಂಶವನ್ನು ಹಳೆಯ ಕಂಪ್ಯೂಟರಿನಲ್ಲೂ ಹಾಕಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ಗಾಡಿ ಓಡುವುದನ್ನು ತಿಂಗಳ ಬಾಡಿಗೆ ಕಟ್ಟದೆ ನೋಡಬಹುದು. ಇಲ್ಲಿ ಕಟ್ಟುವವರು ಎರಡು ಪಂಥವಾದರು. ಸ್ಥಾನ ಸಿಕ್ಕ ಕೂಡಲೇ ಕಳಿಸು, ಹೋಗದಿದ್ದರೆ ಬಿಡು ಎಂಬುದು ಒಂದು. ಮೊದಲು ಎಸ್‌ಡಿ ಕಾರ್ಡಿನಲ್ಲಿ ಬರೆದಿಡು, ಟವರ್ ಸಿಕ್ಕಾಗ ಹಳೆಯದರಿಂದ ಶುರುಮಾಡಿ ಕಳಿಸು ಎಂಬುದು ಇನ್ನೊಂದು. ನಾನು ಎರಡನೆಯ ಪಂಥದವನು, ನಮ್ಮ ನೆಲಕ್ಕೆ ಸರಿಯಾದದ್ದು ಅದೊಂದೇ ಎಂದು ಖಚಿತವಾಗಿ ಹೇಳುತ್ತೇನೆ. ನಾರಿಹಳ್ಳದ ಕಣಿವೆಯಲ್ಲಿ, ಗಣಿಯ ಆಳದ ಕಟ್ಟಿಂಗಿನಲ್ಲಿ ಸಿಗ್ನಲ್ ಹೋದ ಹೊತ್ತಿನ ದಾರಿ ನಕ್ಷೆಯಲ್ಲಿ ಕಾಣದಿದ್ದರೆ ಮಾಲೀಕ ಕೇಳುವ ಮೊದಲ ಪ್ರಶ್ನೆ ‘ಎಲ್ಲಿ ನಿಲ್ಲಿಸಿದ್ದೆ?’ ಕಾರ್ಡಿನಲ್ಲಿ ದಾಖಲೆ ಇದ್ದರೆ ಡ್ರೈವರ್ ಪರವಾಗಿ ಪೆಟ್ಟಿಗೆಯೇ ಉತ್ತರ ಕೊಡುತ್ತದೆ. ಖರ್ಚೂ ಇಲ್ಲ. ಮೂವತ್ತು ಸೆಕೆಂಡಿಗೊಮ್ಮೆ ಬರೆದರೆ ದಿನಕ್ಕೆ 2880 ಸಾಲು, ಸಾಲಿಗೆ 150 ಅಕ್ಷರ ಹಿಡಿದರೂ ಅರ್ಧ ಎಂಬಿ ದಾಟುವುದಿಲ್ಲ. ಒಂದು ಜಿಬಿ ಕಾರ್ಡು ವರ್ಷಗಟ್ಟಲೆ ಸಾಕು.

ಈಚೆಗೆ ‘ಫೋನೇ ಇದೆಯಲ್ಲ, ಕಟ್ಟುವುದೇಕೆ’ ಅನ್ನುವುದು ರೂಢಿಯಾಗಿದೆ. ಫೋನು ಡ್ರೈವರಿನದು, ಗಾಡಿಯದಲ್ಲ. ಗಾಡಿಯ ಲೆಕ್ಕಕ್ಕೆ ಅವನ ಜೇಬನ್ನು ಹಿಂಬಾಲಿಸುವುದು ಸರಿಯಲ್ಲ. ಹಳೆಯ ವಿನ್ಯಾಸಗಳಿಗೆ ನಿಜವಾದ ಸವಾಲು ಬೇರೆ. 2016ರಲ್ಲಿ ಬಂದ ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಸಿಮ್800ಎಲ್ ಅದರಲ್ಲಿ ಸತ್ತಂತೆಯೇ. ಈಗ ಕಟ್ಟುವವರು 4ಜಿಯ ಎ7670 ಬಗೆಯ ಮಾಡ್ಯೂಲನ್ನೂ ಇಎಸ್‌ಪಿ32 ಬೋರ್ಡನ್ನೂ ಆರಿಸಿಕೊಳ್ಳಬೇಕು. ಸಾಧ್ಯವಾದರೆ ನಮ್ಮದೇ ನಾವಿಕ್ ಉಪಗ್ರಹಗಳನ್ನೂ ಕೇಳುವ ಮಾಡ್ಯೂಲು ಹಾಕುವುದು ಒಳ್ಳೆಯದು. ನಾವಿಕ್‌ನ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲೇ ಇದೆ.

ಕಾನೂನಿನ ಗೆರೆಯೂ ಸ್ಪಷ್ಟವಾಗಿರಲಿ. 2019ರ ಜನವರಿಯಿಂದ ಹೊಸದಾಗಿ ನೋಂದಾಯಿಸುವ ಬಸ್ಸು, ಟ್ಯಾಕ್ಸಿಗಳಿಗೆ ಎಐಎಸ್-140 ಮಾನದಂಡದ, ತುರ್ತು ಗುಂಡಿಯುಳ್ಳ ಸಾಧನ ಬೇಕು. ಅದರ ಬದಲು ಕೈಯಿಂದ ಕಟ್ಟಿದ್ದು ನಡೆಯದು, ಅದಿರು ಲಾರಿಯ ಕಡ್ಡಾಯ ಪೆಟ್ಟಿಗೆಗೂ ಇದೇ ಮಾತು. ನಮ್ಮದಕ್ಕೆ ಜಾಗ ಇರುವುದು ಟ್ರ್ಯಾಕ್ಟರು, ಭತ್ತದ ಕಟಾವು ಯಂತ್ರ, ಸ್ವಂತ ಬೈಕು, ಇಲ್ಲವೇ ಲಾರಿಯಲ್ಲಿ ಮಾಲೀಕನ ಎರಡನೆಯ ದಾಖಲೆಯಾಗಿ. ಡ್ರೈವರಿಗೆ ತಿಳಿಸದೆ ಅಡಗಿಸಿಡುವ ಪೆಟ್ಟಿಗೆಯನ್ನು ನಾನು ಯಾರಿಗೂ ಕಟ್ಟಿಕೊಟ್ಟಿಲ್ಲ, ಕಲಿಸುವುದೂ ಇಲ್ಲ.

ಆಗದೆ ಉಳಿದ ಕೆಲಸ ಬಹಳ. ಎಚ್ಚರಿಕೆಯ ಎಸ್ಸೆಮ್ಮೆಸ್ ಕನ್ನಡದಲ್ಲಿ ಬರುವ ಪೆಟ್ಟಿಗೆ ಕಡಿಮೆ. ದಾಖಲೆಯ ಒಂದು ಪ್ರತಿ ಡ್ರೈವರಿಗೂ ಸಿಗುವ ಏರ್ಪಾಟು ಮಾರುಕಟ್ಟೆಯ ಪೆಟ್ಟಿಗೆಗಳಲ್ಲಿ ನಾನು ಕಂಡಿಲ್ಲ, ಆದರೆ ಕೈಯಿಂದ ಕಟ್ಟಿದ್ದರಲ್ಲಿ ಅದು ಹತ್ತು ಸಾಲಿನ ಕೋಡು. 24 ವೋಲ್ಟಿನ ಗಾಡಿಗೆ ವೈರಿಂಗ್ ಹೇಗೆ ಎಳೆಯಬೇಕು ಎಂಬುದು ಇವತ್ತಿಗೂ ಮೇಸ್ತ್ರಿಯ ಕೈಯಿಂದ ಹುಡುಗನ ಕೈಗೆ ಹೋಗುತ್ತಿದೆಯೇ ಹೊರತು ಪಾಠವಾಗಿ ಬಂದಿಲ್ಲ. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳು ಪ್ರತಿವರ್ಷ ಅದೇ ಮೇಜಿನ ಮೇಲಿನ ಪ್ರಾಜೆಕ್ಟನ್ನು ಒಪ್ಪಿಕೊಳ್ಳುವುದು ಬಿಟ್ಟು, ಒಂದು ತಿಂಗಳು ಓಡುವ ಗಾಡಿಯಲ್ಲಿಟ್ಟು ಪರೀಕ್ಷಿಸಿದ್ದಕ್ಕೆ ಮಾತ್ರ ಅಂಕ ಕೊಡಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಯ ಎಲೆಕ್ಟ್ರಿಷಿಯನ್ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ವೈರಿಂಗ್ ನಕ್ಷೆಯನ್ನು ಕನ್ನಡದಲ್ಲಿ ಬರೆದು, ಒಂದು ಪ್ರತಿಯನ್ನು ಹತ್ತಿರದ ಐಟಿಐಗೂ ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೂ ಕೊಡಿ.