ವೀಪುರಿಯ ಗ್ರಂಥಭಂಡಾರವೂ ಆರ್ಥಿಕ ಮುಗ್ಗಟ್ಟೂ

ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ರಚಿಸಿದ ವೀಪುರಿ ನಗರದ ಗ್ರಂಥಭಂಡಾರವು ಇಪ್ಪತ್ತನೆಯ ಶತಮಾನದ ಶ್ರೇಷ್ಠ ಕಟ್ಟಡಗಳಲ್ಲಿ ಒಂದೆಂಬುದು ವಿದ್ವಾಂಸರು ಒಪ್ಪಿರುವ ಮಾತು. ಅದಕ್ಕಾಗಿ ಸ್ಪರ್ಧೆ ನಡೆದುದು 1927ರಲ್ಲಿ. ಅದು ಬಾಗಿಲು ತೆರೆದುದು 1935ರಲ್ಲಿ. ನಡುವಣ ಎಂಟು ವರ್ಷಗಳನ್ನು ಚರಿತ್ರಕಾರರು ಬಹುಮಟ್ಟಿಗೆ ಶಿಲ್ಪಿಯ ಮನಃಪರಿವರ್ತನೆಯ ಕಾಲವೆಂದು ವರ್ಣಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಶಿಲ್ಪಿಯ ಮನಸ್ಸು ಬದಲಾದ ಮಾತ್ರಕ್ಕೆ ಅಂಗೀಕೃತವಾದ ನಕ್ಷೆ ಬದಲಾಗುವುದಿಲ್ಲ. ಅದಕ್ಕೆ ಅವಕಾಶವೂ ಒದಗಬೇಕು. ಆ ಅವಕಾಶದ ಒಂದು ಪಾಲನ್ನು ಒದಗಿಸಿದುದು ಆರ್ಥಿಕ ಮುಗ್ಗಟ್ಟೆಂದು ನಮ್ಮ ಅಭಿಪ್ರಾಯ.

ಪ್ರಥಮ ಬಹುಮಾನ ಪಡೆದ ನಕ್ಷೆ ಪ್ರಾಚೀನ ಶೈಲಿಯದು. ಅಲಂಕಾರಪಟ್ಟಿಕೆ, ಗಂಭೀರವಾದ ಸೋಪಾನ ಮೊದಲಾದುವುಗಳಲ್ಲಿ ಸ್ವೀಡನ್ನಿನ ಆಸ್‌ಪ್ಲುಂಡನ ಪ್ರಭಾವ ಸ್ಪಷ್ಟವಾಗಿದೆ. ಕೂಡಲೇ ಕಟ್ಟಿದ್ದರೆ ಅದು ಸೊಗಸಾದ ಕಟ್ಟಡವಾಗುತ್ತಿತ್ತು, ಅಷ್ಟೆ. ಆದರೆ ಫಿನ್ಲೆಂಡಿನ ಸಂಪತ್ತು ಮುಖ್ಯವಾಗಿ ಮರದ ರಫ್ತನ್ನು ಅವಲಂಬಿಸಿತ್ತು. 1928ರ ಹೊತ್ತಿಗೇ ಆ ವ್ಯಾಪಾರ ಕುಸಿಯತೊಡಗಿತು. 1931ರ ಅಕ್ಟೋಬರಿನಲ್ಲಿ ದೇಶ ಸುವರ್ಣಮಾನವನ್ನು ಕೈಬಿಟ್ಟಿತು. ನಿವೇಶನದ ವಿವಾದವೂ ಇದರೊಡನೆ ಸೇರಿಕೊಂಡುದರಿಂದ ವಿಳಂಬವನ್ನೆಲ್ಲ ಮುಗ್ಗಟ್ಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೇಗಾದರೂ ಕಾಮಗಾರಿ ನಿಂತಿತು.

ಆಲ್ಟೊ ತನ್ನ ಪತ್ನಿ, ಸ್ವತಃ ವಾಸ್ತುಶಿಲ್ಪಿಯಾದ ಆಯ್ನೊಳೊಡನೆ ಟುರ್ಕುವಿನಲ್ಲಿ ನಡೆಸುತ್ತಿದ್ದುದು ಚಿಕ್ಕ ಕಚೇರಿ. ಅದಕ್ಕೆ ಈ ದಿನಗಳಲ್ಲಿ ದೊಡ್ಡ ಆಸರೆಯಾದುದು 1929ರಲ್ಲಿ ಸ್ಪರ್ಧೆಯಿಂದಲೇ ದೊರೆತು 1933ರಲ್ಲಿ ಮುಗಿದ ಪೈಮಿಯೊ ಕ್ಷಯರೋಗ ಚಿಕಿತ್ಸಾಲಯ. ಗ್ರಂಥಭಂಡಾರ ಕಾಯಬಹುದು, ಕ್ಷಯ ಕಾಯದು. ಆದುದರಿಂದ ಅದರ ಕೆಲಸ ನಡೆಯಿತು. ಅಲ್ಲಿ ಶಿಲ್ಪಿ ಮಲಗಿರುವ ರೋಗಿಯ ದೃಷ್ಟಿಯಿಂದ ಕೋಣೆಯನ್ನು ಯೋಚಿಸಿದನು: ಕಣ್ಣಿಗೆ ಹಿತವಾದ ಬಣ್ಣ ಛಾವಣಿಗೆ, ಶಾಖ ಕಾಲಿನ ಕಡೆಗೆ, ನೀರು ಸದ್ದಿಲ್ಲದೆ ಬೀಳುವ ತೊಟ್ಟಿ. ರೋಗಿಗಳಿಗಾಗಿ ಮರವನ್ನು ಬಾಗಿಸಿ ಮಾಡಿದ ಕುರ್ಚಿಯೂ ಇಲ್ಲಿಯದೇ. ಕಟ್ಟಡಗಳು ವಿರಳವಾದ ಕಾಲದಲ್ಲಿ ಇಂತಹ ಪೀಠೋಪಕರಣಗಳು ದಂಪತಿಗಳಿಗೆ ಇನ್ನೊಂದು ಕಸುಬಾಗಿ ಬೆಳೆದು, 1935ರಲ್ಲಿ ಆರ್ಟೆಕ್ ಸಂಸ್ಥೆಯ ಸ್ಥಾಪನೆಗೆ ದಾರಿಮಾಡಿದುವು.

1933ರಲ್ಲಿ ವೀಪುರಿಯವರು ಉದ್ಯಾನದಲ್ಲಿ ಬೇರೆ ನಿವೇಶನ ಗೊತ್ತುಮಾಡಿದಾಗ ಆಲ್ಟೊ ಹಳೆಯ ನಕ್ಷೆಯನ್ನು ತಿದ್ದದೆ ಹೊಸದನ್ನೇ ಬರೆದನು. ಪಟ್ಟಿಕೆಯೂ ಭವ್ಯ ಸೋಪಾನವೂ ಹೋದುವು. ಪೈಮಿಯೊದಲ್ಲಿ ರೋಗಿಯಿದ್ದ ಸ್ಥಾನಕ್ಕೆ ಇಲ್ಲಿ ಓದುಗ ಬಂದನು. ವಾಚನಶಾಲೆಯ ಛಾವಣಿಯಲ್ಲಿ 1.8 ಮೀಟರ್ ವ್ಯಾಸದ 57 ಬೆಳಕುಗಂಡಿಗಳಿವೆ. ಇವು ಶಂಕುವಿನಾಕಾರದಲ್ಲಿ ಆಳವಾಗಿರುವುದರಿಂದ ಆ ಉತ್ತರದೇಶದ ಓರೆಯಾದ ಬಿಸಿಲು ನೇರವಾಗಿ ಪುಟದ ಮೇಲೆ ಬೀಳದು; ಗಂಡಿಯ ಗೋಡೆಗೆ ತಾಗಿ ಚದರಿ ಇಳಿಯುತ್ತದೆ. ಎತ್ತ ಕುಳಿತರೂ ಕೈಯ ನೆರಳು ಅಕ್ಷರವನ್ನು ಮುಚ್ಚದು. ಉಪನ್ಯಾಸಮಂದಿರದಲ್ಲಿ ಧ್ವನಿ ಹಿಂದಿನ ಸಾಲಿಗೂ ತಲಪಲೆಂದು ಅಲೆಯಂತೆ ಬಳುಕುವ ಮರದ ಮಾಳಿಗೆಯನ್ನು ಹಾಕಿಸಿದನು. ಇವು 1927ರ ನಕ್ಷೆಯಿಂದ ಹುಟ್ಟುವಂಥವಲ್ಲ.

ಫಿನ್ಲೆಂಡ್ ಈ ಗ್ರಂಥಭಂಡಾರವನ್ನು ಅನುಭವಿಸಿದುದು ಅಲ್ಪಕಾಲ. ಯುದ್ಧದ ಫಲವಾಗಿ 1944ರಲ್ಲಿ ನಗರ ಸೋವಿಯತ್ ಒಕ್ಕೂಟಕ್ಕೆ ಸೇರಿತು. ಕಟ್ಟಡ ಹಲವು ವರ್ಷ ಪಾಳುಬಿದ್ದು, 1961ರಲ್ಲಿ ಮತ್ತೆ ತೆರೆಯಿತು. ದೀರ್ಘಕಾಲದ ಜೀರ್ಣೋದ್ಧಾರ ಮುಗಿದುದು 2013ರಲ್ಲಿ. ಆಗ ಬಳುಕುವ ಮಾಳಿಗೆಯನ್ನೂ ಹೊಸದಾಗಿ ರಚಿಸಲಾಯಿತು.