ಮುಂಬಯಿ ಕನ್ನಡಿಗರ ಮುಪ್ಪು ಮತ್ತು ಮರೆವಿನ ಆರೈಕೆ

ಮುಂಬಯಿಯ ಕನ್ನಡ, ತುಳು ಸಂಘಗಳು ಹುಟ್ಟಿದ್ದು ಹರೆಯದವರಿಗಾಗಿ. ಕರಾವಳಿಯಿಂದ ಹಡಗು ಹತ್ತಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಬೇಕಿತ್ತು, ಊರಿಗೆ ಹಣ ಕಳಿಸಬೇಕಿತ್ತು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1933ರಲ್ಲಿ ಕರ್ನಾಟಕ ಸಂಘ ಒಂದೊಂದಾಗಿ ತಲೆಯೆತ್ತಿದವು. ರಾತ್ರಿಶಾಲೆ, ಸಹಕಾರಿ ಬ್ಯಾಂಕು, ನಾಟಕ, ಯಕ್ಷಗಾನ ಇವುಗಳ ಸುತ್ತ ಬೆಳೆದವು. ಮುದುಕರ ಆರೈಕೆ ಆಗ ಸಂಘದ ಕೆಲಸವೆನಿಸಲಿಲ್ಲ. ಕೈಕಾಲು ಸೋತ ಮೇಲೆ ಊರಿನ ಮನೆಗೆ ಮರಳುವುದೇ ರೂಢಿಯಾಗಿತ್ತು.

ಸ್ವಾತಂತ್ರ್ಯಾನಂತರ ಆ ರೂಢಿ ಸಡಿಲವಾಯಿತು. ಮಾಟುಂಗ, ಸಯನ್‌ನಿಂದ ಡೊಂಬಿವಲಿ, ಮೀರಾ ರೋಡ್, ನೆರೂಲ್‌ವರೆಗೆ ಸಂಸಾರಗಳು ಹರಡಿದವು. ಮಕ್ಕಳು ಇಲ್ಲೇ ಹುಟ್ಟಿ ಬೆಳೆದರು, ಊರಿನ ಮನೆಗಳು ಪಾಲಾದವು. ಚಾಳಿನಲ್ಲಿ ಬಾಗಿಲು ಸದಾ ತೆರೆದಿರುತ್ತಿದ್ದುದರಿಂದ ಮರೆವಿನಿಂದ ದಾರಿ ತಪ್ಪಿದ ಅಜ್ಜನನ್ನು ನೆರೆಯವರೇ ಕೈಹಿಡಿದು ಕರೆತರುತ್ತಿದ್ದರು. ಫ್ಲ್ಯಾಟಿಗೆ ಬಂದ ಮೇಲೆ ಆ ಕಾವಲು ಇಲ್ಲವಾಯಿತು. ದಂಪತಿ ಇಬ್ಬರೂ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಮನೆಯಲ್ಲಿ ಇಂಥ ಹಿರಿಯರ ಆರೈಕೆಯ ಹೊರೆ ಹೊತ್ತವರು ಬಹುಮಟ್ಟಿಗೆ ಹೆಂಡತಿ, ಸೊಸೆ, ಮಗಳು.

ನಗರದ ಹಳೆಯ ಸಂಸ್ಥೆಗಳಿಂದ ಅವರಿಗೆ ನೆರವಾಗಲಿಲ್ಲ. ಬೈಕಲಾ ಭಾಗದ ಜಮ್ಶೆಟ್‌ಜಿ ಜೀಜೀಭಾಯ್ ಧರ್ಮಶಾಲೆ 19ನೇ ಶತಮಾನದಿಂದ ನಿರ್ಗತಿಕ ವೃದ್ಧರಿಗೆ ಆಸರೆ ಕೊಡುತ್ತಿತ್ತು. ಠಾಣೆಯ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದ್ದು. ಎರಡೂ ಡಿಮೆನ್ಷಿಯಾ ಎಂಬ ಮರೆಗುಳಿ ರೋಗಕ್ಕೆಂದು ಕಟ್ಟಿದವಲ್ಲ. 1906ರಲ್ಲೇ ಜರ್ಮನಿಯ ವೈದ್ಯ ಆಲ್ಝೈಮರ್ ಈ ಮರೆವಿನ ಹಿಂದೆ ಮಿದುಳಿನ ರೋಗವಿದೆಯೆಂದು ತೋರಿಸಿದ್ದರೂ, ಮನೆಗಳಲ್ಲಿ ಅದು ಅರಳುಮರಳಾಗಿಯೇ ಉಳಿಯಿತು. ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ವರ್ಷಗಳು ಕಳೆದಿರುತ್ತಿದ್ದವು. ರೋಗವನ್ನು ಗುರುತು ಹಿಡಿಯದ ಪ್ರತಿ ವರ್ಷವೂ ರೋಗಿಯ ಮೇಲೆ ಸಿಡುಕಿದ ವರ್ಷವೇ.

ಬದಲಾವಣೆ 1990ರ ದಶಕದ್ದು. 1992ರಲ್ಲಿ ಕೇರಳದಲ್ಲಿ ಡಾ. ಜೇಕಬ್ ರಾಯ್ ಕುರಿಯಾಕೋಸ್ ಭಾರತೀಯ ಆಲ್ಝೈಮರ್ ಸೊಸೈಟಿಯನ್ನು ಸ್ಥಾಪಿಸಿದರು. ಮುಂದೆ ಅದರ ಶಾಖೆ ಮುಂಬಯಿಯಲ್ಲೂ ತೆರೆಯಿತು. 1994ರಿಂದ ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ ದಿನವಾಯಿತು. 1995ರಲ್ಲಿ ಡಾ. ಶೀಲು ಶ್ರೀನಿವಾಸನ್ ಮುಂಬಯಿಯಲ್ಲಿ ಡಿಗ್ನಿಟಿ ಫೌಂಡೇಷನ್ ಕಟ್ಟಿದರು. ಹಿರಿಯರ ಸಹಾಯವಾಣಿ, ಪತ್ರಿಕೆಗಳ ಜೊತೆಗೆ ರೋಗಿಗಳನ್ನು ಹಗಲು ನೋಡಿಕೊಳ್ಳುವ ಕೇಂದ್ರವನ್ನೂ ಅದು ನಡೆಸಿತು. ಹಗಲಿನ ಆ ಕೆಲವು ಗಂಟೆಗಳು ಮನೆಯವರಿಗೂ ಔಷಧಿಯಷ್ಟೇ ಮುಖ್ಯ. 2008ರಲ್ಲಿ ಶೈಲೇಶ್ ಮಿಶ್ರಾ ಆರಂಭಿಸಿದ ಸಿಲ್ವರ್ ಇನ್ನಿಂಗ್ಸ್, ಆರೈಕೆ ಮಾಡುವವರಿಗೆ ತರಬೇತಿ ಕೊಡುತ್ತ, ವಸೈ ಕಡೆಯಲ್ಲಿ ವಸತಿಗೃಹವನ್ನೂ ತೆರೆಯಿತು.

ಕರಾವಳಿಯವರ ಸಂಘಗಳೂ ಹಿರಿಯರತ್ತ ತಿರುಗಿದವು. ಸಯನ್‌ನ ‘ಗೋಕುಲ’ದಲ್ಲಿ ನೆಲೆಯಾದ ಬಿ.ಎಸ್.ಕೆ.ಬಿ. (ಬಾಂಬೆ ಸೌತ್ ಕೆನರಾ ಬ್ರಾಹ್ಮಿನ್ಸ್) ಅಸೋಸಿಯೇಷನ್ ನೆರೂಲ್‌ನಲ್ಲಿ ‘ಆಶ್ರಯ’ ಎಂಬ ಹಿರಿಯರ ನಿವಾಸ ನಡೆಸುತ್ತಿದೆ. ಇಂಥ ಸಂಘಗಳಿಗೆ ದೊಡ್ಡ ಆಸ್ಪತ್ರೆಗೂ ಇಲ್ಲದ ಒಂದು ಅನುಕೂಲವಿದೆ. ಡಿಮೆನ್ಷಿಯಾ ಬಲಿತಂತೆ ಎಷ್ಟೋ ರೋಗಿಗಳು ದೊಡ್ಡವರಾದ ಮೇಲೆ ಕಲಿತ ಹಿಂದಿ, ಮರಾಠಿಯನ್ನು ಬಿಟ್ಟು ಬಾಲ್ಯದ ನುಡಿಗೆ ಮರಳುತ್ತಾರೆ. ಮನೆಗೆ ಬರುವ ದಾದಿಗೆ ತುಳುವೂ ಕನ್ನಡವೂ ತಿಳಿಯದಿದ್ದರೆ, ನೀರು ಬೇಕೆಂದದ್ದೂ ಹಟದಂತೆ ಕೇಳಿಸೀತು. ವಾರದ ಭಜನೆ, ತಾಳಮದ್ದಳೆಗೆ ಕೂಡುವವರಿಗೆ ಆ ನುಡಿಯೂ ಗೊತ್ತು, ಆ ಹಿರಿಯರ ಊರು, ಮನೆತನವೂ ಗೊತ್ತು.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಮುಂಬಯಿಯ ಹಗಲು ಕೇಂದ್ರಗಳು ಈ ಅಗತ್ಯದ ಮುಂದೆ ಬಹಳ ಕಡಿಮೆ. ಆರೈಕೆ ಈಗಲೂ ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲೇ ಇದೆ.